ಹೃದಯದ ಸ್ಕ್ಯಾನಿನ ಕಪ್ಪು ಕಲೆ: ರೋಗವೋ, ಬರೀ ನೆರಳೋ?

ಹೃದಯದ ಡಾಕ್ಟರ ಹತ್ತಿರ ಹೋಗಿ ಬಂದವರ ಚೀಟಿಯಲ್ಲಿ ಕೆಲವೊಮ್ಮೆ ‘ಸ್ಟ್ರೆಸ್ ಥಾಲಿಯಂ’ ಎಂದು ಬರೆದಿರುತ್ತದೆ. ಆದರೆ ಈಗ ಬಹುತೇಕ ಕಡೆ ಚುಚ್ಚುವುದು ಥಾಲಿಯಂ ಅಲ್ಲ, ಟೆಕ್ನೀಶಿಯಂ. ಔಷಧಿ ಬದಲಾದರೂ ಹಳೇ ಹೆಸರು ಉಳಿದುಕೊಂಡಿದೆ. ಯಾಕೆ ಬದಲಾಯಿತು ಎಂದು ಹುಡುಕಿದಾಗ ನಮಗೆ ಸಿಕ್ಕಿದ್ದು ಸುಮಾರು 100 ವರ್ಷದ ಕಥೆ.

1920ರ ದಶಕದಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಹರ್ಮನ್ ಬ್ಲಮ್‌ಗಾರ್ಟ್ ಎಂಬ ವೈದ್ಯರು ಒಂದು ತೋಳಿಗೆ ವಿಕಿರಣ ಸೂಸುವ ವಸ್ತುವನ್ನು ಚುಚ್ಚಿ, ಅದು ಇನ್ನೊಂದು ತೋಳಿಗೆ ಬರಲು ಎಷ್ಟು ಹೊತ್ತು ಬೇಕೆಂದು ಅಳೆದರು. ಆರೋಗ್ಯವಂತರಲ್ಲಿ ಸರಾಸರಿ 18 ಸೆಕೆಂಡ್. ಹೃದಯ ಸೋತವರಲ್ಲಿ ಇನ್ನೂ ಹೆಚ್ಚು. ಆಗ ಚಿತ್ರ ಗಿತ್ರ ಏನೂ ಇಲ್ಲ. ದೇಹದೊಳಗಿನ ವಿಕಿರಣವನ್ನು ಚಿತ್ರವಾಗಿ ತೋರಿಸುವ ಕ್ಯಾಮೆರಾವನ್ನು ಹಾಲ್ ಆಂಗರ್ ಎಂಬುವರು ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಕಟ್ಟಿದ್ದು 1950ರ ದಶಕದ ಕೊನೆಯಲ್ಲಿ.

1973ರಲ್ಲಿ ಬ್ಯಾರಿ ಜ್ಯಾರೆಟ್, ವಿಲಿಯಂ ಸ್ಟ್ರಾಸ್ ಮತ್ತು ಜೊತೆಗಾರರು ರೋಗಿಗೆ ವ್ಯಾಯಾಮ ಮಾಡಿಸಿ, ವಿಕಿರಣದ ಪೊಟ್ಯಾಶಿಯಂ ಚುಚ್ಚಿ ಚಿತ್ರ ತೆಗೆದರು. ಸುಮ್ಮನೆ ಕೂತಾಗ ಕಿರಿದಾದ ರಕ್ತನಾಳವೂ ಹೇಗೋ ಸಾಕಾಗುವಷ್ಟು ರಕ್ತ ಕೊಡುತ್ತದೆ. ಕೊರತೆ ಗೊತ್ತಾಗುವುದು ದುಡಿಸಿದಾಗಲೇ. ಸ್ವಲ್ಪ ದಿನದಲ್ಲೇ ಪೊಟ್ಯಾಶಿಯಂ ಜಾಗಕ್ಕೆ ಥಾಲಿಯಂ-201 ಬಂತು.

ತೊಂದರೆ ಶುರುವಾಗಿದ್ದು ಅಲ್ಲಿ. ಥಾಲಿಯಂನ ಕಿರಣಗಳಿಗೆ ಕಸುವು ಕಮ್ಮಿ, ಮೈಯ ಮಾಂಸವೇ ಅರ್ಧ ನುಂಗಿಬಿಡುತ್ತದೆ. ಹೆಂಗಸರಲ್ಲಿ ಸ್ತನ, ಗಂಡಸರಲ್ಲಿ ಹೊಟ್ಟೆ ಮೇಲಿನ ವಪೆ ಅಡ್ಡ ಬಂದು ಚಿತ್ರದಲ್ಲಿ ಕಪ್ಪು ಕಲೆ ಕಾಣುತ್ತಿತ್ತು. ನೋಡಿದವರಿಗೆ ಹೃದಯದ ಆ ಭಾಗಕ್ಕೆ ರಕ್ತ ಹೋಗುತ್ತಿಲ್ಲ ಅನ್ನಿಸುತ್ತಿತ್ತು. ಹೀಗೆ ಹೃದಯ ಗಟ್ಟಿಯಿದ್ದ ಹೆಂಗಸರೂ ಆಂಜಿಯೋಗ್ರಾಂ ಮೇಜಿಗೆ ಹೋಗಿ ಮಲಗಬೇಕಾಯಿತು.

ಟೆಕ್ನೀಶಿಯಂನ ಕಿರಣಗಳ ಶಕ್ತಿ ಥಾಲಿಯಂನದಕ್ಕಿಂತ ಹೆಚ್ಚುಕಮ್ಮಿ ಎರಡು ಪಟ್ಟು. 6 ಗಂಟೆಗೆ ಅರ್ಧಕ್ಕೆ ಇಳಿಯುತ್ತದೆ. ಥಾಲಿಯಂಗೆ ಅದಕ್ಕೆ 73 ಗಂಟೆ ಬೇಕು. ಬೇಗ ಕರಗುವುದರಿಂದ ಹೆಚ್ಚು ಪ್ರಮಾಣ ಕೊಡಬಹುದು, ಚಿತ್ರ ಸ್ಪಷ್ಟವಾಗುತ್ತದೆ. ಇದನ್ನು ಹೃದಯದ ಸ್ನಾಯುವಿಗೆ ಒಯ್ಯುವ ಸೆಸ್ಟಾಮಿಬಿ ಎಂಬ ಔಷಧಿಗೆ ಅಮೆರಿಕದಲ್ಲಿ 1990ರಲ್ಲಿ ಒಪ್ಪಿಗೆ ಸಿಕ್ಕಿತು.

ನಮಗೆ ಹೆಚ್ಚು ಇಷ್ಟವಾಗಿದ್ದು ಮುಂದಿನ ಹೆಜ್ಜೆ. ಕ್ಯಾಮೆರಾವನ್ನು ಇಸಿಜಿ ಜೊತೆ ಜೋಡಿಸಿ, ಒಂದೊಂದು ಬಡಿತವನ್ನೂ 8 ಅಥವಾ 16 ತುಂಡು ಮಾಡಿ ಚಿತ್ರ ತೆಗೆದರು. ಆಗ ಹೃದಯ ಮಿಡಿಯುವುದೇ ಕಾಣುತ್ತದೆ. ಓಡಿದಾಗಲೂ, ಸುಧಾರಿಸಿಕೊಂಡಾಗಲೂ ಒಂದೇ ಕಡೆ ಕಲೆ ಇದ್ದರೆ ಅಲ್ಲಿ ಸ್ನಾಯು ಸತ್ತಿರಬಹುದು. ಆದರೆ ಸತ್ತ ಸ್ನಾಯು ಸರಿಯಾಗಿ ಮಿಡಿಯುವುದಿಲ್ಲ. ಆ ಜಾಗ ಚೆನ್ನಾಗಿ ಮಿಡಿಯುತ್ತಿದ್ದರೆ ಕಲೆ ಬಹುಶಃ ಬರೀ ನೆರಳು. ಲಾಸ್ ಏಂಜಲೀಸ್‌ನ ಸೀಡರ್ಸ್-ಸೈನಾಯ್ ಆಸ್ಪತ್ರೆಯಲ್ಲಿ ಗೀಡೋ ಜರ್ಮಾನೊ ತಂಡ 1995ರಲ್ಲಿ ಈ ಲೆಕ್ಕವನ್ನು ಕಂಪ್ಯೂಟರೇ ಮಾಡುವ ಹಾಗೆ ಮಾಡಿತು. ಕಾಸು ಖರ್ಚಿಲ್ಲದ ಉಪಾಯವೂ ಒಂದಿದೆ: ರೋಗಿಯನ್ನು ಬೋರಲು ಮಲಗಿಸಿ ಇನ್ನೊಮ್ಮೆ ಚಿತ್ರ ತೆಗೆಯುವುದು. ವಪೆಯ ನೆರಳಾಗಿದ್ದರೆ ಎಷ್ಟೋ ಸಲ ಕಲೆ ಮಾಯ. ಸಿಟಿ ಸ್ಕ್ಯಾನ್ ಜೋಡಿಸಿ ಮಾಂಸ ನುಂಗಿದ ಕಿರಣದ ಲೆಕ್ಕ ಸರಿಪಡಿಸುವುದು ಇನ್ನೊಂದು ದಾರಿ.

ಇಷ್ಟಾದರೂ ಒಂದು ಕೊರತೆ ಉಳಿಯಿತು. ಈ ಸ್ಕ್ಯಾನ್ ಹೃದಯದ ಒಂದು ಭಾಗವನ್ನು ಇನ್ನೊಂದು ಭಾಗದ ಜೊತೆ ಹೋಲಿಸುತ್ತದೆ. ಗದ್ದೆಯ ಒಂದು ಮೂಲೆಗೆ ನೀರು ಹತ್ತದಿದ್ದರೆ ಆ ಮೂಲೆ ಬಾಡಿದ್ದು ಕಣ್ಣಿಗೆ ಬೀಳುತ್ತದೆ. ಇಡೀ ಗದ್ದೆಗೇ ನೀರು ಕಮ್ಮಿಯಾದರೆ ಎಲ್ಲಾ ಒಂದೇ ಸಮ ಕಾಣುತ್ತದೆ. ಮೂರೂ ರಕ್ತನಾಳ ಕಟ್ಟಿಕೊಂಡವರ ವರದಿ ‘ನಾರ್ಮಲ್’ ಎಂದು ಬರುವ ಅಪಾಯ ಇರುವುದು ಇದರಿಂದಲೇ. ನಿಮಿಷಕ್ಕೆ ಎಷ್ಟು ರಕ್ತ ಹರಿಯಿತೆಂದು ಅಳೆಯಬಲ್ಲದ್ದು ಪೆಟ್ ಸ್ಕ್ಯಾನ್. ಅದಕ್ಕೆ ಬೇಕಾದ ರುಬಿಡಿಯಂ-82 ಬರೀ 75 ಸೆಕೆಂಡಿಗೆ ಅರ್ಧವಾಗುತ್ತದೆ, ಹಾಗಾಗಿ ಸ್ಕ್ಯಾನ್ ನಡೆಯುವ ಜಾಗದಲ್ಲೇ ತಯಾರಿಸಬೇಕು. ಖರ್ಚೂ ಜಾಸ್ತಿ.

ಯಂತ್ರ ಎಷ್ಟೇ ಚೆನ್ನಾಗಿದ್ದರೂ ಲೆಕ್ಕ ತಪ್ಪಿಸುವುದು ಒಂದು ಲೋಟ ಟೀ. ಓಡಲು ಆಗದವರಿಗೆ ರಕ್ತನಾಳ ಹಿಗ್ಗಿಸಲು ಅಡೆನೊಸಿನ್‌ನಂಥ ಔಷಧಿ ಕೊಡುತ್ತಾರೆ. ಟೀ, ಕಾಫಿಯ ಕೆಫೀನ್ ಅದರ ಕೆಲಸಕ್ಕೆ ಅಡ್ಡ ಬರುತ್ತದೆ. ಆಗ ನಿಜವಾದ ಕಲೆಯೇ ಮರೆಯಾಗಬಹುದು. ಅದಕ್ಕೇ ಸಾಮಾನ್ಯವಾಗಿ 12ರಿಂದ 24 ಗಂಟೆ ಮೊದಲೇ ಟೀ, ಕಾಫಿ, ಕೋಲಾ ಬಿಡಲು ಹೇಳುತ್ತಾರೆ. ಬೆಳಗಿನ ಜಾವದ ಬಸ್ಸಿಗೆ ಹೊರಟು, ಬಸ್ ಸ್ಟ್ಯಾಂಡಿನಲ್ಲಿ ಅರ್ಧ ಟೀ ಕುಡಿದಿದ್ದರೂ ಆಸ್ಪತ್ರೆಯವರಿಗೆ ಹೇಳಿಬಿಡಿ.