ಗಾಳಿಗೆ ಒಡ್ಡಿದ ಮರಗಳು: ಕಾರವಾರದ ಕಡಲತೀರದಿಂದ ನಂದಿದುರ್ಗದ ಗಣಿಯವರೆಗೆ

ಬಿರುಗಾಳಿಯಿಂದ ಜನವಸತಿಯನ್ನು ಕಾಪಾಡಲು ಮರ ನೆಡುವುದೆಂದರೆ ಸಾಮಾನ್ಯವಾಗಿ ಕಡಲತೀರವೇ ನೆನಪಾಗುತ್ತದೆ. ಆದರೆ ಸಮುದ್ರದಿಂದ 200 ಕಿ.ಮೀ.ಗೂ ಹೆಚ್ಚು ದೂರವಿರುವ ಕೋಲಾರ ಚಿನ್ನದ ಗಣಿ ಪ್ರದೇಶದ ನಂದಿದುರ್ಗ, ಚಾಂಪಿಯನ್ ರೀಫ್, ಮಾರಿಕುಪ್ಪಂ ಭಾಗಗಳ ಜನರಿಗೂ ಗಾಳಿಯ ಕಾಟ ಹೊಸದಲ್ಲ. ಅಲ್ಲಿ ಗಾಳಿಯೊಡನೆ ಬರುವುದು ಸೈನೈಡ್ ಗುಡ್ಡಗಳ ದೂಳು. ಕರಾವಳಿ ಮತ್ತು ಕೋಲಾರ ಸೀಮೆಗಳಲ್ಲಿ ಮರ ನೆಟ್ಟ ಇತಿಹಾಸವನ್ನು ಜೊತೆಯಲ್ಲಿಟ್ಟು ನೋಡಿ, ಅಂತಹ ಮರಗಳು ಎಲ್ಲಿ ಜನರಿಗೆ ಆಸರೆಯಾದವು, ಎಲ್ಲಿ ಹೊರೆಯಾದವು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಉತ್ತರ ಕನ್ನಡವು 1862ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಅದಾದ ಆರು ವರ್ಷಗಳಲ್ಲಿ, ಅಂದರೆ 1868ರಲ್ಲಿ, ಕಾರವಾರದ ಮರಳುತೀರದಲ್ಲಿ ಗಾಳಿಮರವನ್ನು ನೆಡಲಾಯಿತು. ಬಯಲುಸೀಮೆಯವರು ಸರ್ವೆ ಎಂದು ಕರೆಯುವ ಮರವೇ ಇದು. ಆಗಿನ ಮುಖ್ಯ ಉದ್ದೇಶ ಸೌದೆ. ಬೇಗ ಬೆಳೆಯುವ, ಹೆಚ್ಚು ಕಾವು ಕೊಡುವ ಈ ಮರವನ್ನು ಮದರಾಸು ಪ್ರಾಂತ್ಯದಲ್ಲಿ ರೈಲು ಎಂಜಿನುಗಳ ಉರುವಲಿಗಾಗಿಯೂ ಬೆಳೆಸಲಾಯಿತು. ಇದು ಉಪ್ಪುಗಾಳಿಯನ್ನು ತಾಳುತ್ತದೆ. ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳ ನೆರವಿನಿಂದ ಸಾರಜನಕವನ್ನು ಪಡೆದು ಬರಿಯ ಮರಳಿನಲ್ಲಿಯೂ ಬದುಕುತ್ತದೆ. ಹೀಗಾಗಿ ಸೌದೆಯ ತೋಪು ಕಾಲಕ್ರಮದಲ್ಲಿ ಮರಳನ್ನು ಹಿಡಿದಿಡುವ, ಗಾಳಿಯ ವೇಗವನ್ನು ತಗ್ಗಿಸುವ ರಕ್ಷಣಾಪಟ್ಟಿಯೆನಿಸಿತು.

ಇದಕ್ಕಿಂತ ಹಳೆಯದಾದ, ಜನರೇ ರೂಢಿಸಿಕೊಂಡ ಪದ್ಧತಿಯೊಂದು ಅಘನಾಶಿನಿ ಅಳಿವೆಯಲ್ಲಿ ಕಂಡುಬರುತ್ತದೆ. ಕುಮಟಾ ತಾಲ್ಲೂಕಿನ ಗಜನಿ ಗದ್ದೆಗಳಲ್ಲಿ ಉಪ್ಪುನೀರನ್ನು ತಾಳುವ ಕಗ್ಗ ಭತ್ತವನ್ನು ಬೆಳೆಯುತ್ತಿದ್ದ ರೈತರು ಮಣ್ಣಿನ ಕಟ್ಟೆಗಳ ಹೊರಮೈಯಲ್ಲಿ ಕಾಂಡ್ಲಾ ಗಿಡಗಳನ್ನು ಉಳಿಸಿಕೊಳ್ಳುತ್ತಿದ್ದರು. ಅವುಗಳ ಬೇರುಗಳು ಅಲೆಯ ಹೊಡೆತವನ್ನು ತಗ್ಗಿಸಿ ಕಟ್ಟೆಯನ್ನು ಕಾಯುತ್ತಿದ್ದವು; ಬೇರುಗಳ ನಡುವೆ ಮೀನು, ಸಿಗಡಿ, ಏಡಿಗಳ ಮರಿಗಳು ಬೆಳೆಯುತ್ತಿದ್ದವು. ಗದ್ದೆಯ ರಕ್ಷಣೆ ಮತ್ತು ಮೀನುಗಾರನ ಅನ್ನ ಎರಡೂ ಒಂದೇ ಗಿಡದಲ್ಲಿ ಸೇರಿದ್ದುದರಿಂದ ಅದನ್ನು ಕಾಯಲು ಬೇರೆ ಕಾವಲುಗಾರ ಬೇಕಾಗಿರಲಿಲ್ಲ. ಈ ಅಳಿವೆಯು 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು.

ಇಂತಹ ಮರಗಳ ರಕ್ಷಣಾಶಕ್ತಿಯನ್ನು ಕುರಿತು ಅಧ್ಯಯನಗಳು ನಡೆದಿವೆ. 1999ರ ಒಡಿಶಾ ಮಹಾ ಚಂಡಮಾರುತದಲ್ಲಿ ಅಗಲವಾದ ಕಾಂಡ್ಲಾವನವಿದ್ದ ಕೇಂದ್ರಪಾಡಾ ಜಿಲ್ಲೆಯ ಹಳ್ಳಿಗಳಲ್ಲಿ ಸಾವು ಕಡಿಮೆಯಿತ್ತೆಂದು 2009ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. 2004ರ ಸುನಾಮಿಯ ನಂತರ ತಮಿಳುನಾಡಿನ ಕಡಲೂರು ತೀರದಲ್ಲಿ ಕಾಂಡ್ಲಾ ಮತ್ತು ಸರ್ವೆ ತೋಪುಗಳ ಹಿಂದಿನ ಊರುಗಳಿಗೆ ಹಾನಿ ಕಡಿಮೆಯಾಗಿತ್ತೆಂಬ ವರದಿಯೂ ಬಂದಿತು. ಊರಿನ ಎತ್ತರ, ಕಡಲಿನಿಂದಿರುವ ದೂರ ಇವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ಬೇರೆ ವಿದ್ವಾಂಸರು ಆಕ್ಷೇಪಿಸಿದ್ದಾರೆ. ಸಹಜ ಮರಳುದಿಬ್ಬಗಳ ಮೇಲೆ ಸರ್ವೆಯನ್ನು ಒತ್ತಾಗಿ ನೆಟ್ಟರೆ ಅಲ್ಲಿಯ ಬಳ್ಳಿ, ಹುಲ್ಲುಗಳು ನಾಶವಾಗುತ್ತವೆಂಬ ಎಚ್ಚರಿಕೆಯೂ ಗಮನಾರ್ಹ.

ಈಗ ಕೋಲಾರ ಸೀಮೆಗೆ ಬರಬಹುದು. ಇಲ್ಲಿಯೂ ಮರದ ಕಥೆ ಸೌದೆಯೊಂದಿಗೆ ಹೆಣೆದುಕೊಂಡಿದೆ. 1880ರ ದಶಕದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯ ಆಡಳಿತದಲ್ಲಿ ಗಣಿಗಾರಿಕೆ ಬೆಳೆದಂತೆ ಆವಿಯಂತ್ರಗಳ ಒಲೆಗೆ ಸುತ್ತಲ ಕಾಡುಗಳ ಮರ ಆಹುತಿಯಾಯಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಬಂದ ಮೇಲೆ ಈ ಒತ್ತಡ ತಗ್ಗಿತಾದರೂ ಹೋದ ಕಾಡು ಮರಳಲಿಲ್ಲ. ಬರಿದಾದ ಸೀಮೆಯಲ್ಲಿ ಮುಂದೆ ಹರಡಿದ್ದು ನೀಲಗಿರಿ. ಗಣಿಯ ಹೆಸರಿನಲ್ಲಿರುವ ನಂದಿದುರ್ಗವೆಂಬ ಬೆಟ್ಟದಲ್ಲಿಯೇ, 1790ರ ಸುಮಾರಿಗೆ ಟಿಪ್ಪು ಸುಲ್ತಾನನ ತೋಟದಲ್ಲಿ, ಈ ಮರ ಭಾರತದಲ್ಲಿ ಮೊದಲು ಬೇರೂರಿತೆಂಬುದು ಪ್ರಚಲಿತವಾದ ಅಭಿಪ್ರಾಯ. 1970 ಮತ್ತು 1980ರ ದಶಕಗಳಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಅದು ರಾಗಿಯ ಹೊಲಗಳಿಗೂ ಕಾಲಿಟ್ಟಿತು. ಇದರಿಂದ ಆಹಾರದ ಬೆಳೆಯೂ ಕೂಲಿಯ ದಿನಗಳೂ ಕುಗ್ಗಿದುದನ್ನು ಬಂದೋಪಾಧ್ಯಾಯ, ಶರತ್ಚಂದ್ರ ಮತ್ತು ವಂದನಾ ಶಿವ ಅವರ 1981ರ ಅಧ್ಯಯನ ಎತ್ತಿ ತೋರಿಸಿತು. ಮರದ ಲಾಭ ಭೂಮಾಲೀಕನಿಗೂ ಕಾರ್ಖಾನೆಗೂ ಸಂದಿತು. ನಷ್ಟ ಕೂಲಿಯವನಿಗೆ ಉಳಿಯಿತು. ಕೊನೆಗೆ 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು.

ಮರ ನಿಜಕ್ಕೂ ಬೇಕಾಗಿದ್ದ ಸ್ಥಳಗಳಲ್ಲಿ ಸೈನೈಡ್ ಗುಡ್ಡಗಳೂ ಸೇರಿವೆ. ಅದಿರನ್ನು ನುಣ್ಣಗೆ ಅರೆದು ಚಿನ್ನ ತೆಗೆದ ಬಳಿಕ ಉಳಿದ ಪುಡಿ 13 ಗುಡ್ಡಗಳಾಗಿ, ಸುಮಾರು 3.3 ಕೋಟಿ ಟನ್ನಿನಷ್ಟು, ಸಾವಿರ ಎಕರೆಗೂ ಮಿಕ್ಕಿ ಬಿದ್ದಿದೆ. ಆಷಾಢದ ಗಾಳಿ ಬೀಸಿದಾಗ ಈ ದೂಳು ಕಾರ್ಮಿಕರ ಲೈನು ಮನೆಗಳ ಅಡುಗೆಯ ಪಾತ್ರೆಯವರೆಗೂ ಬರುತ್ತದೆ. ಅದರಲ್ಲಿರುವ ಸಿಲಿಕಾ ಶ್ವಾಸಕೋಶಕ್ಕೆ ಅಪಾಯಕಾರಿ. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿದಾಗ ಕೆಲಸ ಹೋಯಿತು, ದೂಳು ಉಳಿಯಿತು. ಅಂದಿನಿಂದ ಮಾರಿಕುಪ್ಪಂ, ಬಂಗಾರಪೇಟೆಗಳಿಂದ ನಿತ್ಯ ರೈಲಿನಲ್ಲಿ ಬೆಂಗಳೂರಿಗೆ ದುಡಿಯಲು ಹೋಗುವುದು ಸಾವಿರಾರು ಮನೆಗಳ ಪಾಡಾಯಿತು.

ಈ ಗುಡ್ಡಗಳಲ್ಲಿ ಸಸಿ ಊರಿದರೆ ಸಾಲದು. ಸತ್ವವಿಲ್ಲದ, ನೀರು ಹಿಡಿಯದ ಪುಡಿಯ ಮೇಲೆ ಮೊದಲು ಮಣ್ಣು, ಗೊಬ್ಬರ, ಹುಲ್ಲು ಬೇಕು. ಆಮೇಲೆ ಪೊದೆ, ಕೊನೆಗೆ ಮರ. ಭಾರಲೋಹಗಳ ಭಯವಿರುವುದರಿಂದ ಗುಡ್ಡದ ಮೇಲೆ ಹಣ್ಣು ಅಥವಾ ಮೇವು ಬೆಳೆಯುವುದು ತರವಲ್ಲ. ಎಣ್ಣೆಯ ಬೀಜ ಕೊಡುವ ಹೊಂಗೆಯಂತಹ ಮರವನ್ನು ಪರಿಗಣಿಸಬಹುದು. 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟವು ಈ 13 ಗುಡ್ಡಗಳಿಂದ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿಗೆ ನೀಡಿತು. ಗುಡ್ಡವನ್ನು ಕೆದಕಿದರೆ ದೂಳು ಹೆಚ್ಚುವ ಸಂಭವವಿರುವುದರಿಂದ ಹಸಿರುಪಟ್ಟಿಯ ಪ್ರಶ್ನೆ ಮತ್ತಷ್ಟು ತುರ್ತಿನದಾಗಿದೆ.

ಒಟ್ಟಿನಲ್ಲಿ, ಮರದ ಮರೆಯಲ್ಲಿ ಬಾಳುವವರಿಗೇ ಅದರ ಫಲವೂ ದೊರೆತ ಕಡೆ ಅದು ಕಾಪಾಡಿದೆ ಎಂಬುದು ಅಘನಾಶಿನಿಯ ಪಾಠ. ನೆರಳೊಬ್ಬರಿಗೆ, ಮರ ಮತ್ತೊಬ್ಬರಿಗೆ ಆದರೆ ಏನಾಗುತ್ತದೆಂಬುದು ಕೋಲಾರದ ಪಾಠ. ನಂದಿದುರ್ಗದ ಗುಡ್ಡಗಳಿಗೆ ಹಸಿರು ಹೊದಿಸುವ ಯೋಜನೆ ಯಾವುದೇ ಬರಲಿ, ಸಸಿಮಡಿಯ ಕೂಲಿಯಿಂದ ಹೊಂಗೆಬೀಜದ ಆದಾಯದವರೆಗೆ ಗಣಿಕಾರ್ಮಿಕರ ಮಕ್ಕಳಿಗೆ ಅದರಲ್ಲಿ ಪಾಲಿರಬೇಕು. ನೂರಿಪ್ಪತ್ತು ವರ್ಷ ನೆಲದಾಳದಿಂದ ಚಿನ್ನ ತೆಗೆದುಕೊಟ್ಟವರಿಗೆ ಸಲ್ಲಬೇಕಾದ ಋಣಗಳಲ್ಲಿ ಇದೂ ಒಂದು.