ಕಂಸದೊಳಗಿನ ಹೆಸರು

ಬ್ಯಾಡಗಿಯ ಪೇಟೆಯಲ್ಲಿ ಮೆಣಸಿನಕಾಯಿಯ ಕೆಂಪು ರಾಶಿಯ ಮುಂದೆ ಕುಳಿತು, ಗಿಡ್ಡವಾಗಿ ದಪ್ಪಗಿರುವುದನ್ನು ಡಬ್ಬಿಯೆಂದೂ, ನೀಳವಾಗಿ ಸುಕ್ಕುಗಟ್ಟಿದುದನ್ನು ಕಡ್ಡಿಯೆಂದೂ ಕ್ಷಣಮಾತ್ರದಲ್ಲಿ ಗುರುತಿಸುವವರನ್ನು ಕಂಡವರಿಗೆ, ಜೀವಿಗಳನ್ನು ಕುಲ-ಪ್ರಭೇದಗಳಾಗಿ ವಿಂಗಡಿಸುವ ಶಾಸ್ತ್ರವು ತೀರ ಅಪರಿಚಿತವೆಂದು ತೋರಲಾರದು. ಆದರೆ ಅಳಿದುಹೋದ ಸಂಧಿಪದಿಗಳ ರಾಶಿಯನ್ನು ವಿಂಗಡಿಸಬೇಕಾದವನಿಗೆ ಬಣ್ಣವಿಲ್ಲ, ಘಾಟಿಲ್ಲ. ಕಲ್ಲಿನಲ್ಲುಳಿದ ಚಿಪ್ಪೊಂದೇ ಸಾಕ್ಷಿ.

ಆ ಸಾಕ್ಷಿಯನ್ನು ಬ್ಯಾಡಗಿಯಿರುವ ಹಾವೇರಿ ಸೀಮೆಯಲ್ಲಿಯೇ ಅರಸುವುದು ವ್ಯರ್ಥ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟನು 1876ರಲ್ಲಿ ದಕ್ಷಿಣ ಮರಾಠಾ ದೇಶದ ಭೂರಚನೆಯನ್ನು ವರ್ಣಿಸಿ, 1888ರಲ್ಲಿ ಧಾರವಾಡ ಶಿಲಾವ್ಯೂಹವನ್ನು ಕುರಿತು ಪ್ರತ್ಯೇಕ ಲೇಖನವನ್ನೇ ಬರೆದನು. ಆ ವ್ಯೂಹದ ಒಂದು ಶಿಲಾಸ್ತರಕ್ಕೆ ಮುಂದಿನ ವಿದ್ವಾಂಸರು ಇದೇ ಸೀಮೆಯ ರಾಣೆಬೆನ್ನೂರಿನ ಹೆಸರನ್ನಿಟ್ಟರು. ಈ ಶಿಲೆಗಳ ವಯಸ್ಸು 250 ಕೋಟಿ ವರ್ಷಗಳಿಗೂ ಮಿಗಿಲು. ಆದಿಕಾಲದ ಸಂಧಿಪದಿಗಳಾದ ಟ್ರೈಲೊಬೈಟುಗಳು ಭೂಮಿಯ ಮೇಲೆ ಕಾಣಿಸಿಕೊಂಡುದಾದರೋ ಸುಮಾರು 52 ಕೋಟಿ ವರ್ಷಗಳ ಹಿಂದೆ. ಆದುದರಿಂದ ಕನ್ನಡ ನಾಡಿನಲ್ಲಿ ಸಂಧಿಪದಿಯ ಅವಶೇಷವನ್ನು ಕಾಣಬಯಸುವವನು ಈಶಾನ್ಯಕ್ಕೆ, ಗುರುಮಠಕಲ್ಲಿನ ಸೀಮೆಗೆ ನಡೆಯಬೇಕು. ಅಲ್ಲಿ ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಲಾವಾರಸದ ಎರಡು ಹರಿವುಗಳ ನಡುವಣ ವಿರಾಮದಲ್ಲಿ ಕೆರೆಗಳು ನಿಂತವು. ಆ ಕೆರೆಗಳ ಕೆಸರಿನಲ್ಲಿ ಆಸ್ಟ್ರಕೋಡ್ ಎಂಬ ಸೂಕ್ಷ್ಮ ಸಂಧಿಪದಿಗಳು ಹುದುಗಿದವು.

ಆಸ್ಟ್ರಕೋಡು ಸಿಗಡಿ ಏಡಿಗಳ ದೂರದ ಬಂಧು. ಗಾತ್ರದಲ್ಲಿ ಎಳ್ಳಿಗಿಂತ ಚಿಕ್ಕದು. ಅವರೆಕಾಳಿನ ಎರಡು ಬೇಳೆಗಳಂತೆ ಕೂಡಿಕೊಂಡ ಚಿಪ್ಪಿನೊಳಗೆ ಅದರ ವಾಸ. ಮೃದುಶರೀರವು ಅಳಿದು ಚಿಪ್ಪು ಮಾತ್ರ ಉಳಿಯುತ್ತದೆ. ಗಟ್ಟಿಯಾದ ಕೆಸರನ್ನು ನೆನೆಯಿಟ್ಟು, ನಯವಾದ ಜರಡಿಯಲ್ಲಿ ತೊಳೆದು, ಒಣಗಿದ ಮರಳನ್ನು ಸೂಕ್ಷ್ಮದರ್ಶಕದಡಿ ಹರಡಿ, ಒದ್ದೆಯಾದ ಕುಂಚದ ತುದಿಯಿಂದ ಒಂದೊಂದನ್ನೇ ಎತ್ತಿಕೊಳ್ಳಬೇಕು. ಹೊರಗಿನಿಂದ ನೋಡಿದರೆ ಎಷ್ಟೋ ಚಿಪ್ಪುಗಳು ಒಂದೇ ಎರಕದವು. ಒಳಮೈಯಲ್ಲಿ ಸ್ನಾಯುಗಳು ಅಂಟಿಕೊಂಡಿದ್ದ ಗುರುತುಗಳೂ ಎರಡು ಹೋಳುಗಳು ಕೂಡುವ ಅಂಚಿನ ರಚನೆಯೂ ಅವುಗಳ ಕುಲವನ್ನು ಬಯಲುಮಾಡುತ್ತವೆ.

ಈ ಒಳಗುರುತುಗಳನ್ನು ಕಾಣುವ ಸಾಧನವು ಪಕ್ವವಾಗದಿದ್ದ ಕಾಲದಲ್ಲಿ ಸಿಪ್ರಿಸ್ ಎಂಬ ಒಂದೇ ಕುಲನಾಮವು ಎಷ್ಟೋ ನುಣುಪು ಚಿಪ್ಪುಗಳಿಗೆ ಛತ್ರವಾಗಿದ್ದಿತು. ಮಾಲ್ಕಮ್‌ಸನ್ ಎಂಬ ವೈದ್ಯನು ದಖ್ಖನಿನ ಪೂರ್ವಭಾಗದ ಲಾವಾಪ್ರದೇಶದಿಂದ ಸಂಗ್ರಹಿಸಿದ ಜೀವಾವಶೇಷಗಳನ್ನು ಪರೀಕ್ಷಿಸಿದ ಸೋವರ್ಬಿಯು, 1840ರಲ್ಲಿ, ದುಂಡಗಿದ್ದುದೊಂದಕ್ಕೆ ಸಿಪ್ರಿಸ್ ಸಬ್‌ಗ್ಲೋಬೋಸಾ ಎಂದು ನಾಮಕರಣ ಮಾಡಿದನು. ನಾರ್ವೆಯ ಸಾರ್ಸನು 1924ರಲ್ಲಿ ಪ್ಯಾರಾಸಿಪ್ರೆಟ್ಟಾ ಎಂಬ ಕುಲವನ್ನು ಸ್ಥಾಪಿಸಿದ ಬಳಿಕ, ಸೋವರ್ಬಿಯ ಪ್ರಭೇದವು ಕಾಲಕ್ರಮದಲ್ಲಿ ಆ ಮನೆಗೆ ಸೇರಿತು. ಗುರುಮಠಕಲ್ಲು ಆಗ ಸೇರಿದ್ದ ಗುಲ್ಬರ್ಗ ಜಿಲ್ಲೆಯ ಆಸ್ಟ್ರಕೋಡುಗಳನ್ನು ವ್ಹಾಟ್ಲಿ, ಬಾಜಪೇಯಿ, ಶ್ರೀನಿವಾಸನ್ ಎಂಬವರು 2002ರಲ್ಲಿ ವರ್ಣಿಸಿದರು. ದಖ್ಖನಿನ ಚಿಪ್ಪುಗಳಲ್ಲಿ ಹಿಂದಿನವರು ಮಂಗೋಲಿಯಾದ ನಂಟನ್ನು ಕಂಡಿದ್ದರು. ಮರುಪರೀಕ್ಷೆಯಲ್ಲಿ ಅವುಗಳಲ್ಲಿ ಬಹಳಷ್ಟು ಈ ನೆಲದವೇ ಎಂದು ತೋರಿತು.

ಇಂಥ ತಿದ್ದುಪಡಿಯು ಹಿಂದಿನವರಿಗೆ ಅವಮಾನವಲ್ಲ. ಪ್ರಭೇದವೊಂದು ಮೂಲ ಕುಲವನ್ನು ಬಿಟ್ಟು ಬೇರೊಂದಕ್ಕೆ ಸೇರಿದಾಗ, ಮೊದಲು ಹೆಸರಿಟ್ಟವನ ನಾಮವನ್ನು ಅಳಿಸದೆ ಕಂಸದೊಳಗೆ ಬರೆಯಬೇಕೆಂಬುದು ಪ್ರಾಣಿನಾಮಕರಣದ ನಿಯಮ. ಆದ್ದರಿಂದಲೇ ಇಂದಿಗೂ ಆ ದುಂಡು ಚಿಪ್ಪಿನ ಹೆಸರನ್ನು ಪ್ಯಾರಾಸಿಪ್ರೆಟ್ಟಾ ಸಬ್‌ಗ್ಲೋಬೋಸಾ (ಸೋವರ್ಬಿ, 1840) ಎಂದೇ ಬರೆಯುತ್ತಾರೆ.