ಮೂತ್ರಪಿಂಡದ ಲೆಕ್ಕ

ಮೂತ್ರಪಿಂಡದ ರಕ್ತಪರೀಕ್ಷೆಯ ವರದಿಯಲ್ಲಿ ಸಾಮಾನ್ಯವಾಗಿ ಕ್ರಿಯಾಟಿನಿನ್ ಜೊತೆಗೆ ಇಜಿಎಫ್‌ಆರ್ ಎಂಬ ಅಂಕಿಯೂ ಇರುತ್ತದೆ. ಮೊದಲನೆಯದನ್ನು ಅಳೆಯುತ್ತಾರೆ, ಎರಡನೆಯದನ್ನು ಲೆಕ್ಕ ಹಾಕುತ್ತಾರೆ. ಆ ಲೆಕ್ಕಕ್ಕೂ ಒಂದು ಚರಿತ್ರೆಯಿದೆ.

ಕ್ರಿಯಾಟಿನಿನ್ ಸ್ನಾಯುಗಳಿಂದ ಬರುವ ತ್ಯಾಜ್ಯ. ಮೂತ್ರಪಿಂಡ ದುರ್ಬಲವಾದರೆ ಅದು ರಕ್ತದಲ್ಲೇ ಉಳಿಯುತ್ತದೆ. ಪಿಕ್ರಿಕ್ ಆಮ್ಲದ ಕ್ಷಾರೀಯ ದ್ರಾವಣದಲ್ಲಿ ಅದು ಕಿತ್ತಳೆಗೆಂಪು ಬಣ್ಣ ಕೊಡುತ್ತದೆಂದು 1886ರಲ್ಲಿ ಜರ್ಮನಿಯ ಮ್ಯಾಕ್ಸ್ ಯಾಫೆ ತೋರಿಸಿದರು. ಇಂದಿಗೂ ಎಷ್ಟೋ ಪ್ರಯೋಗಾಲಯಗಳು ಅಳೆಯುವುದು ಆ ಬಣ್ಣವನ್ನೇ.

ಆದರೆ ಎಲ್ಲರ ಸ್ನಾಯುವೂ ಒಂದೇ ಪ್ರಮಾಣದಲ್ಲಿರುವುದಿಲ್ಲ. ಹಾಗಾಗಿ ವಯಸ್ಸು, ಲಿಂಗಗಳನ್ನು ಸೇರಿಸಿ ರಕ್ತ ಸೋಸುವ ವೇಗವನ್ನು ಅಂದಾಜಿಸುವ ಸೂತ್ರಗಳು ಬಂದವು. 1999ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಸೂತ್ರ ಜನಾಂಗವನ್ನೂ ಸೇರಿಸಿತು: ರೋಗಿ ಕಪ್ಪುವರ್ಣೀಯರಾದರೆ ಉತ್ತರವನ್ನು ಸುಮಾರು 1.2ರಿಂದ ಗುಣಿಸಬೇಕು. ಅಲ್ಲಿ ಮೂತ್ರಪಿಂಡ ಕಸಿಯ ಸರದಿಯ ಕಾಲ ಎಣಿಕೆಯಾಗಲು ಈ ಅಂಕಿ 20ಕ್ಕೆ ಇಳಿಯಬೇಕು, ಇಲ್ಲವೇ ಡಯಾಲಿಸಿಸ್ ಶುರುವಾಗಿರಬೇಕು. ಗುಣಿಸದಿದ್ದರೆ 17 ಬರುತ್ತಿದ್ದವರಿಗೆ 20ಕ್ಕಿಂತ ಹೆಚ್ಚು ಬಂತು, ಸರದಿ ತಡವಾಯಿತು.

2021ರಲ್ಲಿ ಜನಾಂಗವಿಲ್ಲದ ಸೂತ್ರ ಬಂತು. 2023ರಿಂದ ಹಾಗೆ ಕಳೆದುಕೊಂಡ ಕಾಲವನ್ನು ರೋಗಿಗಳಿಗೆ ಮರಳಿ ಸೇರಿಸತೊಡಗಿದರು. ಕಾಯುತ್ತಲೇ ತೀರಿಹೋದವರ ಲೆಕ್ಕಕ್ಕೆ ಮಾತ್ರ ಯಾವ ತಿದ್ದುಪಡಿಯೂ ಇಲ್ಲ.